ಬಿಟ್ಟು ಬಂದ ಕಂಪನಿಯ ಟೆಂಡರ್‌ನಲ್ಲಿ ನನ್ನ ಆಧಾರ್, ಮಾರ್ಕ್ಸ್ ಕಾರ್ಡ್, ಸಹಿ! ಯಾರನ್ನು ಕೇಳಬೇಕು?

ಹಾಸನದ ಡಿಪ್ಲೊಮಾ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ಸಿವಿಲ್ ಡಿಪ್ಲೊಮಾ ಮಾಡಿದವನು, ಸೈಟ್ ಇಂಜಿನಿಯರ್. ಮೊದಲು ಒಬ್ಬ ಕ್ಲಾಸ್ ಒನ್ ಗುತ್ತಿಗೆದಾರರ ಹತ್ತಿರ ಇದ್ದೆ. ಎರಡೂವರೆ ವರ್ಷದ ಹಿಂದೆ ಬಿಟ್ಟೆ. ಜಗಳ ಏನಿಲ್ಲ, ಸಂಬಳ ಸಾಲುತ್ತಿರಲಿಲ್ಲ ಅಷ್ಟೇ. ಈಗ ಬೇರೆಯವರ ಹತ್ತಿರ ಇದ್ದೇನೆ.

ಕಳೆದ ವಾರ ಒಂದು ಸರ್ಕಾರಿ ಕಚೇರಿಯಿಂದ ಫೋನ್. "ಏನ್ರೀ, ಒಂದೇ ಸಲ ಇಬ್ಬರ ಹತ್ರ ಕೆಲಸ ಮಾಡ್ತೀರಾ?" ಎಂದು ಕೇಳಿದರು. ನನಗೆ ತಲೆಬುಡ ಅರ್ಥವಾಗಲಿಲ್ಲ. ಆಮೇಲೆ ಗೊತ್ತಾಯಿತು. ಒಂದು ರಸ್ತೆ ಕೆಲಸದ ಟೆಂಡರ್‌ಗೆ ನನ್ನ ಈಗಿನ ಮಾಲೀಕರೂ ಬಿಡ್ ಹಾಕಿದ್ದಾರೆ, ಹಳೆಯವರೂ ಹಾಕಿದ್ದಾರೆ. ಎರಡರಲ್ಲೂ ತಾಂತ್ರಿಕ ಸಿಬ್ಬಂದಿ ಪಟ್ಟಿಯಲ್ಲಿ ನನ್ನ ಹೆಸರಿದೆ. ಮೂರನೆಯ ಬಿಡ್ಡರ್ ಅದನ್ನು ಹಿಡಿದು ದೂರು ಕೊಟ್ಟಿದ್ದಾನೆ.

ಕಚೇರಿಗೆ ಹೋದೆ. ಕೇಸ್ ವರ್ಕರ್ ಒಳ್ಳೆಯ ಮನುಷ್ಯ, ಪ್ರಿಂಟ್ ತೋರಿಸಿದರು. ಹಳೆಯ ಮಾಲೀಕರು ಹಾಕಿದ ದಾಖಲೆಗಳಲ್ಲಿ ನನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ಡಿಪ್ಲೊಮಾ ಸರ್ಟಿಫಿಕೇಟ್, ಆಧಾರ್‌ನ ಎರಡೂ ಬದಿ, ಊರಿನ ಮನೆ ವಿಳಾಸ, ಎಲ್ಲ ಇದೆ. ಕೊನೆಯಲ್ಲಿ ಒಂದು ಪತ್ರ: "ಈ ಕಾಮಗಾರಿಯಲ್ಲಿ ಕೆಲಸ ಮಾಡಲು ಒಪ್ಪಿದ್ದೇನೆ". ಕೆಳಗೆ ನನ್ನ ಸಹಿ. ಸಹಿ ನನ್ನದೇ, ಆದರೆ ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಾಕಿದ್ದು. ಆಗ ದಿನಾಂಕದ ಜಾಗ ಖಾಲಿ ಬಿಟ್ಟು ನಾಲ್ಕೈದು ಹಾಳೆಗೆ ಸಹಿ ಹಾಕಿಸಿಕೊಂಡಿದ್ದರು. ಈಗ ಬೇಕಾದ ಹಾಗೆ ತುಂಬಿಕೊಳ್ಳುತ್ತಿದ್ದಾರೆ.

ಈ ಎರಡೂವರೆ ವರ್ಷದಲ್ಲಿ ಎಷ್ಟು ಟೆಂಡರ್‌ಗೆ ನನ್ನನ್ನು ಹಾಕಿರಬಹುದು? ಈ ಕಾಗದ ಯಾರು ಯಾರ ಕಂಪ್ಯೂಟರಿನಲ್ಲಿದೆ? ಯಾರನ್ನು ಕೇಳಬೇಕು? ಗೊತ್ತಿದ್ದವರು ಹೇಳಿ.

ಜಲ್ಲಿ ಕಾಂಟ್ರಾಕ್ಟರ್

ತಮ್ಮಾ, ನಾನೂ ಗುತ್ತಿಗೆದಾರ, ಅದಕ್ಕೇ ನಿಜ ಹೇಳುತ್ತೇನೆ. ನಿನ್ನ ಹಳೆಯ ಮಾಲೀಕ ಮಾಡಿದ್ದು ತಪ್ಪು. ಆದರೆ ಹೊಸ ತಪ್ಪಲ್ಲ.

ಕೆಡಬ್ಲ್ಯೂ-4, ಅಂದರೆ ಸರ್ಕಾರಿ ಕಾಮಗಾರಿಗಳ ಮಾದರಿ ಟೆಂಡರ್ ದಾಖಲೆ, ತೆಗೆದು ನೋಡು. ಮುಖ್ಯ ಸಿಬ್ಬಂದಿ ಯಾರು, ಅವರ ಓದು ಏನು, ಅನುಭವ ಎಷ್ಟು, ಎಲ್ಲ ತೋರಿಸಬೇಕು. ಕೆಲಸ ಸಿಗುತ್ತೋ ಇಲ್ಲವೋ ಗೊತ್ತಿಲ್ಲ. ಹತ್ತು ಕಡೆ ಹಾಕಿದರೆ ಒಂದು ಸಿಗಬಹುದು. ಅಷ್ಟಕ್ಕೇ ಇಬ್ಬರು ಬಿಇ, ಮೂವರು ಡಿಪ್ಲೊಮಾದವರನ್ನು ವರ್ಷವಿಡೀ ಸಂಬಳ ಕೊಟ್ಟು ಇಟ್ಟುಕೊಳ್ಳುವುದು ಸಣ್ಣವರಿಗೆ ಆಗುವುದಿಲ್ಲ. ಹಾಗಾಗಿ ಒಂದು ಫೈಲ್ ಇರುತ್ತದೆ. ಬಿಟ್ಟು ಹೋದವರ ಸರ್ಟಿಫಿಕೇಟೂ ಅದರಲ್ಲಿರುತ್ತದೆ.

ಇನ್ನೊಂದು. ಸಿಬ್ಬಂದಿಯ ಆಧಾರ್ ಹಾಕಿ ಎಂದು ನಾನು ನೋಡಿದ ಬಹಳಷ್ಟು ಟೆಂಡರ್‌ಗಳಲ್ಲಿ ಬರೆದಿರುವುದಿಲ್ಲ. ಆದರೂ ಹಾಕುತ್ತೇವೆ. ಯಾಕೆ? ಒಂದು ಕಾಗದ ಕಮ್ಮಿ ಆಯಿತು ಎಂದು ಟೆಕ್ನಿಕಲ್‌ನಲ್ಲೇ, ಅಂದರೆ ರೇಟು ನೋಡುವ ಮೊದಲೇ, ತೆಗೆದು ಬಿಸಾಕಿದರೆ? ಜಾಸ್ತಿ ಹಾಕಿದ್ದಕ್ಕೆ ಯಾರನ್ನೂ ತೆಗೆದಿದ್ದು ನಾನಂತೂ ನೋಡಿಲ್ಲ.

ರಿಟೈರ್ಡ್ ಸೂಪರಿಂಟೆಂಡೆಂಟ್

ಜಲ್ಲಿಯವರು ಹೇಳಿದ ಆ ಕೊನೆಯ ಸಾಲು ಇದೆಯಲ್ಲ, ಅದೇ ರೋಗದ ಮೂಲ. ನಾನು ಟೆಂಡರ್ ಶಾಖೆಯಲ್ಲಿ ಕೂತು ಕೂದಲು ಬೆಳ್ಳಗೆ ಮಾಡಿಕೊಂಡವನು. ಮೇಜಿನ ಈಚೆ ಏನಾಗುತ್ತದೆ ಎಂದು ಹೇಳುತ್ತೇನೆ.

ನಮ್ಮದು 1999ರ ಕೆಟಿಪಿಪಿ ಕಾಯ್ದೆ, ಅಂದರೆ ರಾಜ್ಯದ ಸರ್ಕಾರಿ ಖರೀದಿ ಕಾಯ್ದೆ, 2000ದ ನಿಯಮಗಳು. ಎರಡು ಲಕೋಟೆ ಪದ್ಧತಿ ಎಲ್ಲರಿಗೂ ಗೊತ್ತು. ಮೊದಲನೆಯದರಲ್ಲಿ ಅರ್ಹತೆಯ ದಾಖಲೆ, ಎರಡನೆಯದರಲ್ಲಿ ರೇಟು. ಮೊದಲು ಕಾಗದದ ಲಕೋಟೆ, ಅರಗಿನ ಸೀಲು. ಈಗ ಎಲ್ಲ ರಾಜ್ಯದ ಟೆಂಡರ್ ತಾಣವಾದ ಕೆಪಿಪಿಪಿ ಪೋರ್ಟಲ್‌ನಲ್ಲಿ. ಅರ್ಹತೆಯ ಲಕೋಟೆ ತೆರೆದ ದಿನ ಎಂಟು ಜನ ಬಿಡ್ಡರ್ ಇದ್ದರೆ ಎಂಟು ಜನರ ಸರಂಜಾಮೂ ಕಚೇರಿಗೆ ಇಳಿಯುತ್ತದೆ. ಕೆಲಸ ಸಿಗುವುದು ಒಬ್ಬನಿಗೆ. ಮಿಕ್ಕ ಏಳು ಜನರ ಮಾರ್ಕ್ಸ್ ಕಾರ್ಡ್, ಆಧಾರ್, ಅಫಿಡವಿಟ್?

ಅವೂ ಉಳಿಯುತ್ತವೆ. ಪೋರ್ಟಲ್‌ನಲ್ಲಿ ಮಾತ್ರ ಇದ್ದರೆ ಪರವಾಗಿಲ್ಲ. ಪರಿಶೀಲನಾ ಸಮಿತಿಯ ಸಾಹೇಬರು ಸ್ಕ್ರೀನ್ ನೋಡುವುದಿಲ್ಲ, ಪ್ರಿಂಟ್ ಕೇಳುತ್ತಾರೆ. ಸಮಿತಿಯಲ್ಲಿ ಎಷ್ಟು ಜನವೋ ಅಷ್ಟು ಸೆಟ್. ಮೀಟಿಂಗ್ ಮುಗಿದ ಮೇಲೆ ಒಂದು ಸೆಟ್ ಫೈಲಿಗೆ ಹೋಗುತ್ತದೆ. ಮಿಕ್ಕಿದ್ದು ಬೀರು ಮೇಲೆ. ಹಿಂಬದಿ ಖಾಲಿ ಇದೆ ಎಂದು ರಫ್ ಹಾಳೆ ಮಾಡಿಕೊಂಡಿದ್ದನ್ನೂ ನೋಡಿದ್ದೇನೆ. ಯಾರದೋ ಅಫಿಡವಿಟ್ಟಿನ ಹಿಂದೆ ಟೀ ಲೆಕ್ಕ.

ಇದರಲ್ಲಿ ಯಾರಿಗೂ ಕೆಟ್ಟ ಬುದ್ಧಿ ಇರಲಿಲ್ಲ. ಇದು ಒಬ್ಬ ಮನುಷ್ಯನ ವಿವರ ಎಂದು ನಮಗೆ ಅನ್ನಿಸಿಯೇ ಇರಲಿಲ್ಲ. ನಮಗೆ ಅದು "ಪುಟ 47".

ತುಂಗೆ ತಡಿ

ಪುಟ 47 😐

ಬ್ರೌಸಿಂಗ್ ಸೆಂಟರ್ ಹುಡುಗ

ನಾನು ಟೆಂಡರ್ ಹಾಕಿಕೊಡುವವನು. ತಾಲೂಕು ಕಚೇರಿ ಎದುರು ಅಂಗಡಿ. ನನ್ನನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಂಡಿಲ್ಲವಲ್ಲ ಎಂದು ಬರೆಯುತ್ತಿದ್ದೇನೆ.

ನಮ್ಮ ಕಡೆ ಸಣ್ಣ ಗುತ್ತಿಗೆದಾರರು ಪೋರ್ಟಲ್ ಮುಟ್ಟುವುದಿಲ್ಲ. ಡಿಜಿಟಲ್ ಸಿಗ್ನೇಚರ್ ಡಾಂಗಲ್, ಅಂದರೆ ಕಂಪ್ಯೂಟರಿಗೆ ಚುಚ್ಚಿ ಅವರ ಸಹಿ ಹಾಕುವ ಸಾಧನ, ನನ್ನ ಡ್ರಾಯರ್‌ನಲ್ಲೇ ಇರುತ್ತದೆ, ಪಿನ್ ಅದರ ಮೇಲೆ ಸ್ಟಿಕ್ಕರ್ ಅಂಟಿಸಿ ಬರೆದಿರುತ್ತದೆ. ಒಬ್ಬೊಬ್ಬರಿಗೆ ಒಂದು ಫೋಲ್ಡರ್. ಪ್ಯಾನ್, ಜಿಎಸ್‌ಟಿ, ಮೂರು ವರ್ಷದ ಐಟಿ ರಿಟರ್ನ್, ಬ್ಯಾಂಕ್ ಸ್ಟೇಟ್‌ಮೆಂಟ್, ಜಾತಿ ಪ್ರಮಾಣಪತ್ರ, ಇಂಜಿನಿಯರ್‌ಗಳ ಬಯೋಡಾಟಾ. ಹೊಸ ಟೆಂಡರ್ ಬಂದರೆ ಫೋನ್ ಮಾಡಿ "ಹೋದ ಸಲದ್ದೇ ಹಾಕು" ಅನ್ನುತ್ತಾರೆ. ಹಾಕುತ್ತೇನೆ. ಹಾಸನದ ಅಣ್ಣನ ಕಾಗದವೂ ಹೀಗೇ ಯಾವುದೋ ಅಂಗಡಿಯಿಂದ ಹೋಗಿರುತ್ತದೆ. ಮಾಲೀಕರಿಗೇ ಗೊತ್ತಿರುತ್ತದೋ ಇಲ್ಲವೋ!

ಹಾಸನದ ಡಿಪ್ಲೊಮಾ

ಅಯ್ಯೋ ದೇವರೇ. ಪಿನ್ ಮೇಲೇ ಅಂಟಿಸಿರುತ್ತದಾ?

ಬ್ರೌಸಿಂಗ್ ಸೆಂಟರ್ ಹುಡುಗ

ನಾನು ಅಂಟಿಸಿದ್ದಲ್ಲ ಅಣ್ಣಾ, ಅವರೇ ಅಂಟಿಸಿ ಕೊಡುತ್ತಾರೆ.

ಜಲ್ಲಿ ಕಾಂಟ್ರಾಕ್ಟರ್

ಹುಡುಗನನ್ನು ಬೈಯ್ಯಬೇಡಿ. 2019ರಲ್ಲಿ ರಾಜ್ಯದ ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲ್‌ಗೇ ಕನ್ನ ಹಾಕಿ ಇಎಂಡಿ (ಬಿಡ್ ಜೊತೆ ಕಟ್ಟುವ ಠೇವಣಿ) ವಾಪಸ್ ಕೊಡುವ ಹಣದಲ್ಲಿ 11 ಕೋಟಿಗೂ ಜಾಸ್ತಿ ಹೊಡೆದಿದ್ದರು. ಸಿಐಡಿ ತನಿಖೆ ಆಯಿತು, ಪೇಪರ್‌ನಲ್ಲೆಲ್ಲ ಬಂತು. ಆಗ ನಾವು ಕೇಳಿದ್ದು ಒಂದೇ, "ನಮ್ಮ ಇಎಂಡಿ ಸೇಫಾ?" ನಮ್ಮ ದಾಖಲೆ ಯಾರಾದರೂ ನೋಡಿದರಾ ಎಂದು ನಾನಂತೂ ಕೇಳಲಿಲ್ಲ.

ಮಾಹಿತಿ ಕೇಳುವವ

ನಾನು ಸ್ವಲ್ಪ ಉಲ್ಟಾ ಮಾತಾಡುತ್ತೇನೆ, ಕ್ಷಮಿಸಿ.

ಹಾಸನದವರೇ, ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ಒಂದು ವಿಷಯ ಗಮನಿಸಿ. ನಿಮ್ಮ ಹೆಸರು ಎರಡು ಕಡೆ ಇದೆ ಎಂದು ಹೊರಗೆ ಬಂದಿದ್ದು ಹೇಗೆ? ಮೂರನೆಯವನು ದಾಖಲೆ ನೋಡಿದ್ದರಿಂದ. ಮುಚ್ಚಿಟ್ಟಿದ್ದರೆ ನಿಮ್ಮ ಹಳೆಯ ಮಾಲೀಕರು ಇನ್ನೂ ಹತ್ತು ವರ್ಷ ನಿಮ್ಮನ್ನು "ಕೆಲಸಕ್ಕೆ ಇಟ್ಟುಕೊಂಡಿರುತ್ತಿದ್ದರು". ಟೆಂಡರ್‌ನಲ್ಲಿ ನಡೆಯುವ ಮೋಸದಲ್ಲಿ ಅರ್ಧ ಹಿಡಿಯುವುದು ಹೀಗೇ. ಸುಳ್ಳು ಅನುಭವ ಪತ್ರ, ಸತ್ತವರ ಹೆಸರು, ಒಂದೇ ಇಂಜಿನಿಯರ್ ಐದು ಕಡೆ.

ಈಗ ನನ್ನ ಹೆದರಿಕೆ ಏನೆಂದರೆ, "ಖಾಸಗಿ ಮಾಹಿತಿ" ಎಂಬ ಹೊಸ ಬೀಗ ಕಚೇರಿಗಳಿಗೆ ಸಿಕ್ಕಿದೆ. 2025ರ ನವೆಂಬರ್ 14ರಿಂದ ಆರ್‌ಟಿಐ (ಮಾಹಿತಿ ಹಕ್ಕು) ಕಾಯ್ದೆಯ 8(1)(ಜೆ) ಬದಲಾಯಿತು. ಮೊದಲು ಹೇಗಿತ್ತು? ಸಾರ್ವಜನಿಕ ಕೆಲಸಕ್ಕೆ ಸಂಬಂಧವೇ ಇಲ್ಲದ ವೈಯಕ್ತಿಕ ಮಾಹಿತಿಯನ್ನು, ಅಥವಾ ಸುಮ್ಮನೆ ಒಬ್ಬರ ಖಾಸಗಿತನಕ್ಕೆ ಕೈ ಹಾಕುವಂಥದ್ದನ್ನು ಕೊಡಬೇಕಿಲ್ಲ ಎಂದಿತ್ತು. ದೊಡ್ಡ ಸಾರ್ವಜನಿಕ ಹಿತ ಇದ್ದರೆ ಅದನ್ನೂ ಕೊಡಬಹುದಿತ್ತು. ಸಂಸತ್ತಿಗೆ, ಶಾಸನಸಭೆಗೆ ಕೊಡಲು ಬರುವುದಿಲ್ಲ ಎನ್ನಲಾಗದ ಮಾಹಿತಿಯನ್ನು ಜನರಿಗೂ ಇಲ್ಲ ಎನ್ನಬಾರದು ಎಂಬ ಸಾಲೂ ಇತ್ತು. ಈಗ ಅದೆಲ್ಲ ಹೋಗಿ ಉಳಿದಿದ್ದು ಒಂದೇ ತುಂಡು: ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ ಮಾಹಿತಿ. ಅಷ್ಟೇ. ಮುಗಿಯಿತು.

ನಾನು ಒಂದು ಕಚೇರಿಗೆ, ಯಾವುದು ಎಂದು ಬೇಡ, ಟೆಂಡರ್ ಗೆದ್ದವರ ಕೆಲಸದ ಅನುಭವ ಪತ್ರ ಕೇಳಿ ಅರ್ಜಿ ಹಾಕಿದೆ. 10 ರೂಪಾಯಿ ಶುಲ್ಕ, 150 ಪದದೊಳಗೆ, ಒಂದೇ ವಿಷಯ, ಎಲ್ಲ ನಿಯಮದ ಪ್ರಕಾರ. ಬಂದ ಉತ್ತರ ಎರಡು ಸಾಲು: ಇದು ವೈಯಕ್ತಿಕ ಮಾಹಿತಿ, ಕೊಡಲು ಬರುವುದಿಲ್ಲ. ಸೇತುವೆ ಕಟ್ಟಿದ್ದೇನೆ ಎಂದು ಹೇಳಿಕೊಳ್ಳುವ ಪತ್ರ ವೈಯಕ್ತಿಕ ಹೇಗಾಗುತ್ತದೆ ಹೇಳಿ! ಹುಡುಗಿ ನೋಡಲು ಬಂದವರ ಜಾತಕ ಕೇಳಿದ್ದೆನಾ?

ಜಲ್ಲಿ ಕಾಂಟ್ರಾಕ್ಟರ್

ಹಹಹ. ಆದರೆ ನಿಮ್ಮಂಥ ಕೆಲವರು ಪತ್ರ ತಗೊಂಡು ಆಮೇಲೆ ನಮಗೆ ಫೋನ್ ಮಾಡಿ "ಸೆಟಲ್ ಮಾಡ್ಕೊಳಿ" ಅಂತಾರಲ್ಲ ಸ್ವಾಮಿ, ಅದಕ್ಕೇನು ಹೇಳುತ್ತೀರಿ?

ಮಾಹಿತಿ ಕೇಳುವವ

ಅಂಥವರು ಇದ್ದಾರೆ. ಇಲ್ಲ ಎನ್ನುವುದಿಲ್ಲ. ಅವರಿಗಾಗಿ ಬಾಗಿಲನ್ನೇ ಕಿತ್ತು ಗೋಡೆ ಕಟ್ಟುವುದಾ?

ಕೋರ್ಟ್ ಹಾಲ್ 3

ವಕೀಲಿಕೆ ಮಾಡುತ್ತೇನೆ. ಮೂರು ಬೇರೆ ಬೇರೆ ವಿಷಯ ಒಂದೇ ಪಾತ್ರೆಯಲ್ಲಿ ಕುದಿಯುತ್ತಿವೆ. ಬಿಡಿಸುತ್ತೇನೆ.

ಮೊದಲು ಹಾಸನದವರ ಪತ್ರ. ಖಾಲಿ ಬಿಟ್ಟ ದಿನಾಂಕ ತುಂಬಿ, ಬಿಟ್ಟು ಹೋದವರನ್ನು "ನಮ್ಮಲ್ಲಿದ್ದಾರೆ" ಎಂದು ತೋರಿಸಿದ್ದು ಡೇಟಾ ರಕ್ಷಣೆಯ ಪ್ರಶ್ನೆಯೇ ಅಲ್ಲ. ಅದು ಸುಳ್ಳು ದಾಖಲೆ. ಇವತ್ತೇ ಟೆಂಡರ್ ಕರೆದ ಅಧಿಕಾರಿಗೆ ಲಿಖಿತವಾಗಿ ಕೊಡಿ: ಇಂಥ ದಿನ ಕೆಲಸ ಬಿಟ್ಟಿದ್ದೇನೆ, ಈ ಪತ್ರಕ್ಕೆ ನನ್ನ ಒಪ್ಪಿಗೆ ಇಲ್ಲ. ಜೊತೆಗೆ ರಿಲೀವಿಂಗ್ ಲೆಟರ್ ಅಥವಾ ಪಿಎಫ್ ಪಾಸ್‌ಬುಕ್ ಇಡಿ. ಸ್ವೀಕೃತಿ ಸೀಲ್ ಹಾಕಿಸಿಕೊಳ್ಳದೆ ಬರಬೇಡಿ. ಕೊಡದೇ ಇದ್ದರೆ ನಾಳೆ "ಇಬ್ಬರ ಜೊತೆಯೂ ಶಾಮೀಲಾಗಿದ್ದ" ಎಂಬ ಮಾತು ನಿಮ್ಮ ಮೇಲೇ ಬರುತ್ತದೆ. ನಿಮ್ಮ ಈಗಿನ ಮಾಲೀಕರ ಬಿಡ್ಡಿಗೂ ಕುತ್ತು.

ಎರಡನೆಯದು, 2023ರ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣಾ ಕಾಯ್ದೆ. ನಿಯಮಗಳು ಬಂದಿದ್ದು 2025ರ ನವೆಂಬರ್‌ನಲ್ಲಿ. ಆದರೆ ನಿಮಗೆ ಬೇಕಾದ ಭಾಗ, ಅಂದರೆ ಒಪ್ಪಿಗೆ, ಅಳಿಸಿ ಎಂದು ಕೇಳುವ ಹಕ್ಕು, 250 ಕೋಟಿವರೆಗಿನ ದಂಡ, ಇವೆಲ್ಲಕ್ಕೂ 18 ತಿಂಗಳ ಗಡುವು ಕೊಟ್ಟಿದ್ದಾರೆ. ಎಂದರೆ 2027ರ ಮೇ. ತಮಾಷೆ ನೋಡಿ, ಇದೇ ಕಾಯ್ದೆಯಲ್ಲಿರುವ, ಆರ್‌ಟಿಐಗೆ ಬೀಗ ಹಾಕುವ ಕಲಂ ಮಾತ್ರ ಅವತ್ತೇ ಜಾರಿಯಾಯಿತು. ಬೀಗ ಮೊದಲು ಬಂತು, ಮನೆ ಇನ್ನೂ ಕಟ್ಟುತ್ತಿದ್ದಾರೆ.

ಜಾರಿಯಾದ ಮೇಲೂ ಕೆಲಸ ಕೊಡುವವರು ಉದ್ಯೋಗದ ಉದ್ದೇಶಕ್ಕೆ ಒಪ್ಪಿಗೆ ಇಲ್ಲದೆ ಡೇಟಾ ಬಳಸಬಹುದು ಎಂದಿದೆ. ಕೆಲಸದಲ್ಲಿರುವವರನ್ನು ಟೆಂಡರ್‌ನಲ್ಲಿ ತೋರಿಸುವುದನ್ನು ಇದರೊಳಗೆ ಎಳೆದು ತರಬಹುದು. ಬಿಟ್ಟು ಹೋದವರನ್ನು ತರಲಾಗದು ಎಂದು ನನ್ನ ಅಭಿಪ್ರಾಯ. ಆದರೆ ಸರ್ಕಾರದ ಕಡೆ ಬಂದರೆ ಕಥೆ ಬೇರೆ. ಉದ್ದೇಶ ಮುಗಿದ ಮೇಲೆ ಅಳಿಸಬೇಕು ಎಂಬ ನಿಯಮ ಸರ್ಕಾರಕ್ಕೂ ಅದರ ಸಂಸ್ಥೆಗಳಿಗೂ ಅನ್ವಯಿಸುವುದಿಲ್ಲ, 17(4) ನೋಡಿ. ಸೂಪರಿಂಟೆಂಡೆಂಟ್ ಸರ್ ಹೇಳಿದ ಬೀರು ಮೇಲಿನ ಸೆಟ್‌ಗಳು ಅಲ್ಲೇ ಇರುತ್ತವೆ. ಜೋಪಾನವಾಗಿ ಇಡಬೇಕು ಎಂಬ ಹೊಣೆ ಮಾತ್ರ ಸರ್ಕಾರಕ್ಕೂ ಇದೆ. ಆದರೆ ಕಾಯ್ದೆ ಡಿಜಿಟಲ್ ಡೇಟಾಕ್ಕೆ, ಕಾಗದದಲ್ಲಿ ಪಡೆದು ಡಿಜಿಟಲ್ ಮಾಡಿದ್ದಕ್ಕೆ. ಪೋರ್ಟಲ್‌ನಿಂದ ತೆಗೆದ ಪ್ರಿಂಟ್ ಇದರಡಿ ಬರುತ್ತದೋ ಎಂದು ಯಾರಾದರೂ ಕೋರ್ಟ್‌ನಲ್ಲಿ ಜಗಳ ಆಡಿಯೇ ಆಡುತ್ತಾರೆ.

ಮೂರನೆಯದು, ಮಾಹಿತಿ ಕೇಳುವವರ ಅರ್ಜಿ. ಬೀಗ ಬಿದ್ದಿದೆ, ನಿಜ. ಕಿಟಕಿ ಇದೆ. ಆರ್‌ಟಿಐ ಕಾಯ್ದೆಯ ಕಲಂ 8(2) ಹಾಗೇ ಉಳಿದಿದೆ: ಕೊಡುವುದರಲ್ಲಿ ಇರುವ ಸಾರ್ವಜನಿಕ ಹಿತ ಕೊಟ್ಟರೆ ಆಗುವ ಹಾನಿಗಿಂತ ದೊಡ್ಡದಾಗಿದ್ದರೆ ಕೊಡಬಹುದು. ಕಲಂ 10 ಕೂಡ ಇದೆ: ಕೊಡಬಾರದ ಭಾಗ ಬೇರ್ಪಡಿಸಿ ಮಿಕ್ಕಿದ್ದನ್ನು ಕೊಡಿ. ಅನುಭವ ಪತ್ರದಲ್ಲಿ ಮನೆ ವಿಳಾಸಕ್ಕೆ ಮಸಿ ಬಳಿದು, ಸೇತುವೆ ವಿವರ ಕೊಡಿ. ಇಷ್ಟಕ್ಕೆ ಹತ್ತು ನಿಮಿಷ ಸಾಕು. ಇನ್ನು ಬಿಡ್ಡರ್ ಕಂಪನಿಯಾಗಿದ್ದರೆ ಡೇಟಾ ರಕ್ಷಣಾ ಕಾಯ್ದೆಯೇ ಅದನ್ನು ಕಾಪಾಡುವುದಿಲ್ಲ. ವೈಯಕ್ತಿಕ ಡೇಟಾ ಎಂದರೆ ಮನುಷ್ಯರದ್ದು. ಪ್ರೈವೇಟ್ ಲಿಮಿಟೆಡ್‌ಗೆ ಖಾಸಗಿತನ ಎಲ್ಲಿಂದ ಬಂತು? ವ್ಯಾಪಾರದ ಗುಟ್ಟು ಇದ್ದರೆ ಅದಕ್ಕೆ ಆರ್‌ಟಿಐ ಕಾಯ್ದೆಯ 8(1)(ಡಿ) ಬೇರೆಯೇ ಇದೆ.

ತುಂಗೆ ತಡಿ

ಒಂದು ಡೌಟು. ನಮ್ಮ ಮಾವಂದು ಪ್ರೊಪ್ರೈಟರ್ ಫರ್ಮ್. ಕಂಪನಿ ಅಲ್ಲ. ಅವರಿಗೆ?

ಕೋರ್ಟ್ ಹಾಲ್ 3

ಒಳ್ಳೆಯ ಪ್ರಶ್ನೆ. ಪ್ರೊಪ್ರೈಟರ್ ಎಂದರೆ ಮನುಷ್ಯನೂ ಅವನೇ, ಫರ್ಮೂ ಅವನೇ. ಜಿಎಸ್‌ಟಿ ನಂಬರ್ ನೋಡಿ, 15 ಅಕ್ಷರ. ಮೊದಲ ಎರಡು ರಾಜ್ಯದ ಕೋಡ್, ನಮಗೆ 29. ಮುಂದಿನ ಹತ್ತು ಪ್ಯಾನ್! ಪ್ರೊಪ್ರೈಟರ್ ಆದರೆ ಅದು ಅವರ ಸ್ವಂತ ಪ್ಯಾನ್. ಪ್ರತಿ ಬಿಲ್ಲಿನ ಮೇಲೂ, ಅಂಗಡಿ ಬೋರ್ಡಿನ ಮೇಲೂ ಅಚ್ಚಾಗಿರುತ್ತದೆ. ಹಾಗಾಗಿ ಎಲ್ಲವನ್ನೂ ಗುಟ್ಟು ಎಂದು ಕೂರಲು ಆಗುವುದಿಲ್ಲ. ಆಧಾರ್ ಹಾಗಲ್ಲ. ಆಧಾರ್ ಕಾಯ್ದೆಯ 29(4) ಪ್ರಕಾರ ಅದನ್ನು ಬಹಿರಂಗವಾಗಿ ಪ್ರಕಟಿಸುವ ಹಾಗಿಲ್ಲ.

ಅಂದ ಹಾಗೆ, ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಹೇಳಿದ ಕೇಸು ನಮ್ಮವರದ್ದೇ. ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಕರ್ನಾಟಕ ಹೈಕೋರ್ಟ್‌ನಿಂದ ನಿವೃತ್ತರಾದವರು. ಆಧಾರ್ ಪ್ರಶ್ನಿಸಿ 2012ರಲ್ಲಿ ಕೋರ್ಟಿಗೆ ಹೋದಾಗ ವಯಸ್ಸು ಎಂಬತ್ತು ದಾಟಿತ್ತು.

ಪಿಎಫ್ ಚಲನ್

ನಾನು ಹೊರಗುತ್ತಿಗೆ ಏಜೆನ್ಸಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಹಾಸ್ಟೆಲ್ ಅಡುಗೆಯವರು, ಡೇಟಾ ಎಂಟ್ರಿಯವರು, ಸ್ವಚ್ಛತಾ ಕೆಲಸದವರು, ಡ್ರೈವರ್‌ಗಳನ್ನು ಕಚೇರಿಗಳಿಗೆ ಕೊಡುತ್ತೇವೆ. ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಹಾಸನದ ತಮ್ಮನದು ಒಬ್ಬನ ಕಥೆ. ನಾನು ಮುನ್ನೂರು ಜನರ ಕಥೆ ಹೇಳುತ್ತೇನೆ.

ಮ್ಯಾನ್‌ಪವರ್ ಟೆಂಡರ್‌ನಲ್ಲಿ ಪಿಎಫ್, ಇಎಸ್‌ಐ ಕಟ್ಟಿದ ದಾಖಲೆ ಕೇಳುತ್ತಾರೆ. ಕೇಳಲೇಬೇಕು, ಎಷ್ಟೋ ಏಜೆನ್ಸಿಗಳು ಹಿಡಿದುಕೊಂಡು ಕಟ್ಟುವುದೇ ಇಲ್ಲ. ಚಲನ್ ಎಂದರೆ ಒಂದು ಹಾಳೆ. ಅದರಲ್ಲಿ ಟಿಆರ್‌ಆರ್‌ಎನ್ (ಆ ಪಾವತಿಯ ಗುರುತಿನ) ನಂಬರ್, ಎಷ್ಟು ಜನ, ಎಷ್ಟು ಹಣ ಅಷ್ಟೇ ಇರುತ್ತದೆ. ಆದರೆ "ಇಸಿಆರ್ ಸಹಿತ" ಎಂದು ಒಂದು ಪದ ಸೇರಿಸುತ್ತಾರೆ. ಇಸಿಆರ್ ಎಂದರೆ ಪೂರ್ತಿ ಪಟ್ಟಿ. ಪ್ರತಿಯೊಬ್ಬರ ಹೆಸರು, ಯುಎಎನ್ (ಪಿಎಫ್ ಗುರುತಿನ ನಂಬರ್), ಸಂಬಳ, ಕಟ್ಟಿದ ಪಾಲು, ಎಷ್ಟು ದಿನ ಸಂಬಳವಿಲ್ಲದ ರಜೆ ಎಂಬುದೂ ಸೇರಿ. ಹನ್ನೆರಡು ತಿಂಗಳದ್ದು ಹಾಕಿ ಅಂದರೆ ಹನ್ನೆರಡು ಪಟ್ಟಿ. ಬಾಣಂತನಕ್ಕೆ ಹೋದ ಹುಡುಗಿ, ಹುಷಾರಿಲ್ಲದೆ ಎರಡು ತಿಂಗಳು ಮಲಗಿದ ಡ್ರೈವರ್, ಎಲ್ಲ ಆ ರಜೆ ಕಾಲಂನಲ್ಲಿ ಕಾಣುತ್ತಾರೆ, ಕಣ್ಣಿದ್ದವರಿಗೆ.

ಇದನ್ನು ನೋಡುವುದು ಕಚೇರಿಯವರು ಮಾತ್ರ ಎಂದುಕೊಂಡಿದ್ದೀರಾ? ಕೇಂದ್ರ ಸರ್ಕಾರದ ಖರೀದಿ ತಾಣವಾದ ಜೆಮ್ ಪೋರ್ಟಲ್‌ನ ಬಿಡ್ ದಾಖಲೆ ತೆರೆದು ನೋಡಿ. "ಬಿಡ್ಡರ್‌ಗಳು ಹಾಕಿದ ದಾಖಲೆಗಳನ್ನು ಭಾಗವಹಿಸಿದ ಎಲ್ಲ ಬಿಡ್ಡರ್‌ಗಳಿಗೂ ತೋರಿಸಬೇಕೇ?" ಎಂಬ ಅರ್ಥದ ಒಂದು ಸಾಲು ಇರುತ್ತದೆ. ಎದುರಿಗೆ ಹೌದು ಎಂದಿದ್ದರೆ ಹಾಕಿದವರೆಲ್ಲ ಲಾಗಿನ್ ಆಗಿ ನೋಡಬಹುದು. ನಮ್ಮ ಪ್ರತಿಸ್ಪರ್ಧಿ ಏಜೆನ್ಸಿಯವರು ನಮ್ಮ ಹುಡುಗರಿಗೆ ಎಷ್ಟು ಸಂಬಳ ಎಂದು ನಮಗಿಂತ ಮೊದಲು ಹೇಳುತ್ತಾರೆ. ಟೆಂಡರ್ ಕೈ ಬದಲಾದರೆ ಅವರೇ ಫೋನ್ ಮಾಡಿ "ನಮ್ಮ ಕಡೆ ಬಾ, ಇಷ್ಟು ಕಮ್ಮಿ ತಗೋ" ಅನ್ನುತ್ತಾರೆ. ಬಡವರ ಸಂಬಳದ ಪಟ್ಟಿ ಊರೆಲ್ಲ ಸುತ್ತುತ್ತಿರುತ್ತದೆ. ಆ ಅಡುಗೆ ಮಾಡುವ ಅಕ್ಕನಿಗೆ ಟೆಂಡರ್ ಅಂದರೇನು ಎಂದೂ ಗೊತ್ತಿಲ್ಲ. ಅವಳು ಬಿಡ್ ಹಾಕಿದವಳಲ್ಲ. ಲಾಭ ಅವಳದಲ್ಲ. ಹೆಸರು ಮಾತ್ರ ಅವಳದು.

ಮಾಹಿತಿ ಕೇಳುವವ

ಮೇಡಂ, ಇದು ನನಗೆ ಹೊಳೆದಿರಲೇ ಇಲ್ಲ. ನಾನು ಯಾವಾಗಲೂ ಗುತ್ತಿಗೆದಾರ, ಅಧಿಕಾರಿ ಎಂದೇ ಯೋಚಿಸುತ್ತಿದ್ದೆ. ಆದರೆ ಪಟ್ಟಿಯೇ ಬೇಡ ಅಂದರೆ, 100 ಜನ ತೋರಿಸಿ 60 ಜನರನ್ನು ಇಟ್ಟು ಬಿಲ್ ಎತ್ತುವವರನ್ನು ಹಿಡಿಯುವುದು ಹೇಗೆ?

ಪಿಎಫ್ ಚಲನ್

ಪಟ್ಟಿ ಬೇಡ ಎಂದು ಹೇಳಲಿಲ್ಲ ಸರ್. ಯಾವಾಗ ಬೇಕು ಎಂದು ಕೇಳುತ್ತಿದ್ದೇನೆ.

ಟೆಂಡರ್ ಹಾಕುವಾಗ ಅವರಿಗೆ ತಿಳಿಯಬೇಕಾದದ್ದು ಒಂದೇ: ಈ ಏಜೆನ್ಸಿ ಪಿಎಫ್ ಸರಿಯಾಗಿ ಕಟ್ಟುತ್ತದಾ? ಅದಕ್ಕೆ ಟಿಆರ್‌ಆರ್‌ಎನ್ ಸಾಕು, ಪಿಎಫ್ ಸಂಸ್ಥೆ ಇಪಿಎಫ್‌ಒದ ಸೈಟ್‌ನಲ್ಲೇ ಹಾಕಿ ನೋಡಬಹುದು. ಕೆಲಸ ಸಿಕ್ಕಿದ ಮೇಲೆ ಪ್ರತಿ ತಿಂಗಳ ಬಿಲ್ಲಿನ ಜೊತೆ ಪಟ್ಟಿ ಕೇಳಲಿ. ಆಗ ಕಚೇರಿಯೇ ಮೂಲ ಮಾಲೀಕ, ಕೆಲಸದವರಿಗೆ ಸಂಬಳ ಸಿಗದಿದ್ದರೆ ಅವರೂ ಹೊಣೆ. ಆ ಕಚೇರಿಯಲ್ಲಿ ಕೆಲಸ ಮಾಡುವವರ ಪಟ್ಟಿ ಮಾತ್ರ, ಗೆದ್ದವರಿಂದ ಮಾತ್ರ. ಈಗ ಆಗುತ್ತಿರುವುದು ಉಲ್ಟಾ. ಸೋಲುವ ಏಳು ಏಜೆನ್ಸಿಗಳ ಎರಡು ಸಾವಿರ ಜನರ ವಿವರ ಮೊದಲೇ ತೆಗೆದುಕೊಳ್ಳುತ್ತಾರೆ. ಬಿಲ್ ಬರುವಾಗ ಯಾರೂ ಪಟ್ಟಿ ತೆರೆದೂ ನೋಡುವುದಿಲ್ಲ.

ರಿಟೈರ್ಡ್ ಸೂಪರಿಂಟೆಂಡೆಂಟ್

ಅಮ್ಮಾ, ಒಪ್ಪಿದೆ. ನನ್ನ ಸರ್ವಿಸ್‌ನಲ್ಲಿ ಇದನ್ನು ಯಾರಾದರೂ ಹೀಗೆ ಹೇಳಿದ್ದರೆ ಒಂದು ಟಿಪ್ಪಣಿಯಾದರೂ ಮಂಡಿಸುತ್ತಿದ್ದೆ.

ಜಾತಿ ಪ್ರಮಾಣಪತ್ರಕ್ಕೂ ಇದೇ ಮಾತು. ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಗೆ ಶೇ 17.15, ಪರಿಶಿಷ್ಟ ಪಂಗಡಕ್ಕೆ ಶೇ 6.95 ಮೀಸಲು ಬಂದಾಗಿನಿಂದ ಸಣ್ಣ ಗುತ್ತಿಗೆದಾರರಿಗೆ ಅನುಕೂಲವಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪ್ರಮಾಣಪತ್ರದ ಪೂರ್ತಿ ಪ್ರತಿ ಯಾಕೆ ಎಲ್ಲರ ಕೈಗೂ ಹೋಗಬೇಕು? ನಾಡಕಚೇರಿ ಪತ್ರದ ಮೇಲೆ ಆರ್‌ಡಿ ನಂಬರ್ ಇರುತ್ತದೆ. ನಂಬರ್ ಹಾಕಿದರೆ ಅಸಲಿಯೋ ನಕಲಿಯೋ ಎಂದು ಅಲ್ಲೇ ತಿಳಿಯುತ್ತದೆ. ಅಧಿಕಾರಿ ನೋಡಿ, "ಪರಿಶೀಲಿಸಿದೆ, ಸರಿ ಇದೆ" ಎಂದು ಬರೆದರೆ ಮುಗಿಯಿತು. ನಾವು ಮಾತ್ರ ಪ್ರತಿ ಬೇಕು, ದೃಢೀಕರಿಸಿದ ಪ್ರತಿ ಬೇಕು, ಬಣ್ಣದ ಪ್ರತಿ ಬೇಕು ಎನ್ನುತ್ತೇವೆ. ಯಾಕೆಂದರೆ ನಾಳೆ ಆಡಿಟ್ ಬಂದಾಗ "ಎಲ್ಲಿ?" ಎಂದು ಕೇಳುತ್ತಾರೆ. ಕಾಗದ ಇದ್ದರೆ ಗುಮಾಸ್ತ ಬದುಕಿದ. ಈ ಭಯ ಹೋಗದೆ ಕಾನೂನು ಏನು ಬಂದರೂ ಕಷ್ಟ.

ಡೆನ್ ಹಾಗ್‌ನಿಂದ ಕುಂದಾಪ್ರದವ

ನಾನು ನೆದರ್‌ಲ್ಯಾಂಡ್ಸ್‌ನಲ್ಲಿ ಒಂದು ಕನ್ಸಲ್ಟಿಂಗ್ ಕಂಪನಿಗೆ ಸರ್ಕಾರಿ ಟೆಂಡರ್ ಬರೆಯುತ್ತೇನೆ. ಚಲನ್ ಅಕ್ಕ ಹೇಳಿದ್ದೇ ಇಲ್ಲಿನ ಪದ್ಧತಿ. ಯುರೋಪಿನಲ್ಲಿ ಇಎಸ್‌ಪಿಡಿ ಎಂಬ ಒಂದು ಫಾರಂ ಇದೆ. ತೆರಿಗೆ ಕಟ್ಟಿದ್ದೇವೆ, ನಿರ್ದೇಶಕರ ಮೇಲೆ ಅಪರಾಧದ ತೀರ್ಪಿಲ್ಲ, ಇಷ್ಟು ಅನುಭವ ಇದೆ ಎಂದು ನಾವೇ ಬರೆದುಕೊಡುವುದು. ಪುರಾವೆ ಕಾಗದವನ್ನು ಸಾಮಾನ್ಯವಾಗಿ ಗೆಲ್ಲುವವರಿಂದ ಮಾತ್ರ ಕೇಳುತ್ತಾರೆ. ಸುಳ್ಳು ಬರೆದಿದ್ದರೆ ಹೊರಗೆ.

ಹಾಗಂತ ಸ್ವರ್ಗ ಅಂದುಕೊಳ್ಳಬೇಡಿ. ಸಲಹಾ ಕೆಲಸದ ಟೆಂಡರ್‌ನಲ್ಲಿ ಜನರ ಬಯೋಡಾಟಾಕ್ಕೇ ಅಂಕ ಕೊಡುತ್ತಾರೆ, ಅಲ್ಲಿ ಹೆಸರು ಕೊಡಲೇಬೇಕಾಗುತ್ತದೆ. ಗುಟ್ಟಿನ ಜಗಳವೂ ಇದೆ. ಪೋಲೆಂಡಿನಲ್ಲಿ ಬಿಡ್ಡರ್‌ಗಳು ಬೇಕಾದ್ದನ್ನೆಲ್ಲ ವ್ಯಾಪಾರದ ಗುಟ್ಟು ಎಂದು ಮುಚ್ಚುತ್ತಿದ್ದರು. 2022ರ ನವೆಂಬರ್‌ನಲ್ಲಿ ಲಕ್ಸೆಂಬರ್ಗ್‌ನ ಯುರೋಪಿಯನ್ ಕೋರ್ಟು ಹಾಗೆ ಸಾರಾಸಗಟಾಗಿ ಮುಚ್ಚಲು ಬಿಡಬಾರದು, ಸೋತವರಿಗೆ ಪ್ರಶ್ನಿಸಲು ಬೇಕಾದಷ್ಟಾದರೂ ತಿಳಿಯಬೇಕು ಎಂದಿತು. ಮಾಹಿತಿ ಕೇಳುವವರ ಸಿಟ್ಟು ಅಲ್ಲೂ ಇದೆ ಎಂದಾಯ್ತು.

ಜಲ್ಲಿ ಕಾಂಟ್ರಾಕ್ಟರ್

ಸ್ವಂತ ಘೋಷಣೆ ನಮ್ಮಲ್ಲಿ ನಡೆಯಲ್ಲ ಬಿಡಿ. ಎಂಟೂ ಜನ "ಎಲ್ಲ ಇದೆ" ಎಂದು ಬರೆದುಕೊಡುತ್ತೇವೆ. ಗೆದ್ದ ಮೇಲೆ ನೋಡಿದರೆ ಇಂಜಿನಿಯರೂ ಇಲ್ಲ, ರೋಲರೂ ಇಲ್ಲ. ಆಮೇಲೆ ಮರು ಟೆಂಡರ್. ಅಷ್ಟು ಹೊತ್ತಿಗೆ ಮಳೆಗಾಲ.

ರಿಟೈರ್ಡ್ ಸೂಪರಿಂಟೆಂಡೆಂಟ್

ಈಗಲೂ ಅಷ್ಟೇ ತಾನೇ? ಎಲ್ಲ ಕಾಗದ ತೆಗೆದುಕೊಂಡೂ ಹಾಸನದ ಹುಡುಗ ಎರಡು ಕಡೆ ಇದ್ದ. ರಾಶಿ ಕಾಗದದಲ್ಲಿ ಸುಳ್ಳು ಕಾಣುವುದಿಲ್ಲ ಸ್ವಾಮಿ, ಅಡಗುತ್ತದೆ.

ತುಂಗೆ ತಡಿ

👏👏

ಕೋರ್ಟ್ ಹಾಲ್ 3

2027ರವರೆಗೆ ಕಾಯದೆ ಇವತ್ತೇ ಮಾಡಬಹುದಾದದ್ದು ಸ್ವಲ್ಪ ಇದೆ. ಆಧಾರ್ ಕೇಳಿದರೆ ಮಾಸ್ಕ್ ಮಾಡಿದ್ದನ್ನು ಕೊಡಿ, ಆಧಾರ್ ಕೊಡುವ ಯುಐಡಿಎಐ ಸೈಟ್‌ನಲ್ಲೇ ಡೌನ್‌ಲೋಡ್ ಆಗುತ್ತದೆ, ಮೊದಲ 8 ಅಂಕಿ ಮುಚ್ಚಿ ಕೊನೆಯ 4 ಮಾತ್ರ ಕಾಣುತ್ತದೆ. ಯಾವ ಪ್ರತಿಯ ಮೇಲೂ ಅಡ್ಡಲಾಗಿ ಟೆಂಡರ್ ಸಂಖ್ಯೆ, ದಿನಾಂಕ ಬರೆದು "ಇದಕ್ಕೆ ಮಾತ್ರ" ಎಂದು ಸಹಿ ಹಾಕಿ. ಖಾಲಿ ದಿನಾಂಕಕ್ಕೆ ಸಹಿ ಬೇಡವೇ ಬೇಡ. ಕೆಲಸ ಬಿಡುವಾಗ ಒಂದು ಸಾಲಿನ ಇಮೇಲ್ ಹಾಕಿ: ಇಂದಿನಿಂದ ನನ್ನ ದಾಖಲೆ ಯಾವ ಟೆಂಡರ್‌ಗೂ ಬಳಸಬೇಡಿ. ಕೋರ್ಟಿನಲ್ಲಿ ಆ ಒಂದು ಸಾಲಿಗೆ ಬೆಲೆ ಇದೆ.

ಬ್ರೌಸಿಂಗ್ ಸೆಂಟರ್ ಹುಡುಗ

ಸರ್, ನಾನು ಹಳೆ ಫೋಲ್ಡರ್ ಡಿಲೀಟ್ ಮಾಡಿದರೆ ಗುತ್ತಿಗೆದಾರರು ಹೊಡೆಯಲು ಬರುತ್ತಾರೆ. ಅವರ ಹತ್ತಿರ ಬೇರೆ ಕಾಪಿ ಇಲ್ಲ. ಏನು ಮಾಡಲಿ?

ಕೋರ್ಟ್ ಹಾಲ್ 3

ಪೆನ್‌ಡ್ರೈವ್‌ಗೆ ಹಾಕಿ ಅವರ ಕೈಗೇ ಕೊಡಪ್ಪ. ಡಾಂಗಲ್ಲೂ ಜೊತೆಗೆ. ಆ ಡಾಂಗಲ್‌ನಿಂದ ಏನು ಸಹಿ ಬಿದ್ದರೂ ಸಹಿ ಅವರದ್ದು, ಪ್ರಶ್ನೆ ಬರುವುದು ನಿನಗೆ.

ಹಾಸನದ ಡಿಪ್ಲೊಮಾ

ಹತ್ತು ದಿನ ಆಯಿತು, ಏನಾಯಿತು ಎಂದು ಬರೆಯುತ್ತೇನೆ. ವಕೀಲರು ಹೇಳಿದ ಹಾಗೆ ಪತ್ರ ಕೊಟ್ಟೆ, ಸೀಲ್ ಹಾಕಿಸಿಕೊಂಡೆ. ಪಿಎಫ್ ಪಾಸ್‌ಬುಕ್ ನೋಡಿ ಅವರಿಗೆ ಸಮಾಧಾನ ಆಯಿತು. ಹಳೆಯ ಮಾಲೀಕರ ಬಿಡ್ ಟೆಕ್ನಿಕಲ್‌ನಲ್ಲೇ ಹೋಯಿತಂತೆ. ಅವರು ರಾತ್ರಿ ಫೋನ್ ಮಾಡಿ "ಅನ್ನ ತಿಂದ ಮನೆಗೆ ಹೀಗೆ ಮಾಡ್ಬೋದಾ?" ಎಂದರು. ಏನು ಹೇಳಬೇಕೋ ತೋಚಲಿಲ್ಲ. ಊಟ ಆಯ್ತಾ ಸರ್ ಎಂದು ಕೇಳಿ ಇಟ್ಟೆ.

ಬೇರೆ ಎಷ್ಟು ಟೆಂಡರ್‌ನಲ್ಲಿ ನನ್ನ ಹೆಸರಿದೆ ಎಂದು ಕೇಳಿ ಆರ್‌ಟಿಐ ಹಾಕೋಣ ಅಂದುಕೊಂಡಿದ್ದೇನೆ. ನನ್ನದೇ ಮಾಹಿತಿ ಕೇಳಿದರೂ "ವೈಯಕ್ತಿಕ" ಅನ್ನುತ್ತಾರಾ?

ಮಾಹಿತಿ ಕೇಳುವವ

ಅಂದರೂ ಆಶ್ಚರ್ಯವಿಲ್ಲ. ಅರ್ಜಿ ನಾನು ಬರೆದುಕೊಡುತ್ತೇನೆ, ಮೆಸೇಜ್ ಮಾಡಿ. ಮನೆ ವಿಳಾಸ, ಆಧಾರ್ ಭಾಗ ಮುಚ್ಚಿ ಕೊಡಿ ಎಂದು ನಾವೇ ಮೊದಲು ಬರೆದುಬಿಡೋಣ. ಇನ್ನು ಮುಂದೆ ನನ್ನ ಎಲ್ಲ ಅರ್ಜಿಯಲ್ಲೂ ಆ ಸಾಲು ಹಾಕುತ್ತೇನೆ.

ಪಿಎಫ್ ಚಲನ್

ನನ್ನದೂ ಒಂದು ಇದೆ. ಹೋದ ವಾರದ ಟೆಂಡರ್‌ಗೆ ಧೈರ್ಯ ಮಾಡಿ ಇಸಿಆರ್‌ನಲ್ಲಿ ಹೆಸರು, ಯುಎಎನ್ ಕಾಲಂಗಳಿಗೆ ಕಪ್ಪು ಬಳಿದು, ಮೇಲೆ ಟಿಆರ್‌ಆರ್‌ಎನ್ ದಪ್ಪಗೆ ಬರೆದು ಹಾಕಿದೆ. ನಮ್ಮ ಸಾಹೇಬರಿಗೆ ಹೇಳಿರಲಿಲ್ಲ. ಲಕೋಟೆ ತೆರೆದ ದಿನ ಆ ಕಚೇರಿ ಗುಮಾಸ್ತರು ಫೋನ್ ಮಾಡಿ, "ಮೇಡಂ, ನಿಮ್ಮ ಪ್ರಿಂಟರ್‌ಗೆ ಏನಾಗಿದೆ?" ಎಂದರು. ವಿವರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಂಬರ್ ಹೇಳಿ, ಇಲ್ಲೇ ಚೆಕ್ ಮಾಡ್ತೀನಿ" ಎಂದರು. ಮಾಡಿದರು. ಅರ್ಹ ಎಂದೇ ಬಂತು.

ಜಲ್ಲಿ ಕಾಂಟ್ರಾಕ್ಟರ್

ಸಿಕ್ತಾ ಟೆಂಡರ್?

ಪಿಎಫ್ ಚಲನ್

ಇಲ್ಲ. ರೇಟಿನಲ್ಲಿ ಹೋಯಿತು.